ಮಾದರಿ ವರದಿಯ ಖಾಲಿ ಡಬ್ಬಿ

ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ ಎಂದಲ್ಲ. ಹಾಜರಿ ಪುಸ್ತಕದಲ್ಲಿ ಇತ್ತು, ಸಂಬಳದ ಪಟ್ಟಿಯಲ್ಲಿ ಇತ್ತು, ಟಪಾಲು ವಿಭಾಗದ ಅವಳ ಮೇಜಿನ ಮೇಲಿನ ಮರದ ಫಲಕದಲ್ಲೂ ಇತ್ತು. ಆದರೆ ಮೂವತ್ತನಾಲ್ಕು ವರ್ಷಗಳಲ್ಲಿ ಆ ಹೆಸರು ಹಿಡಿದು ಕರೆದವರು ಬೆರಳೆಣಿಕೆಯ ಜನ. ಉಳಿದವರಿಗೆಲ್ಲ ಅವಳು ಅನುಕಂಪಮ್ಮ. ಗಂಡ ಕೆಲಸದಲ್ಲಿದ್ದಾಗಲೇ ಸತ್ತರೆ ಹೆಂಡತಿಗೆ ಕೊಡುವ ನೌಕರಿಗೆ ಕಚೇರಿಯ ಭಾಷೆಯಲ್ಲಿ ಅನುಕಂಪದ ಆಧಾರದ ನೇಮಕ ಎನ್ನುತ್ತಾರೆ. ಅದರಲ್ಲಿ ಬಂದವಳು, ಆದ್ದರಿಂದ ಅನುಕಂಪಮ್ಮ. ಪರೀಕ್ಷೆ ಬರೆದು ಬಂದವರನ್ನು ಯಾರೂ ಪರೀಕ್ಷಪ್ಪ ಎನ್ನಲಿಲ್ಲ. ಮಾವನ ಶಿಫಾರಸಿನಿಂದ ಬಂದವರು ಅಲ್ಲಿ ಒಂಬತ್ತು ಮಂದಿ ಇದ್ದರು, ಅವರಲ್ಲಿ ಒಬ್ಬರಿಗೂ ಮಾವಪ್ಪ ಎಂದು ಹೆಸರು ಬೀಳಲಿಲ್ಲ. ಹೆಣ ಹೋದ ಮನೆಯಿಂದ ಬಂದವಳಿಗೆ ಮಾತ್ರ ಹಣೆಪಟ್ಟಿ.

ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಒಂದು ದಿನ ಜವಾನ ಎದುರಿಗೇ, "ಅನುಕಂಪಮ್ಮಾ, ಟಪಾಲು ತಗೊಳ್ಳಿ," ಎಂದ. ಅವಳು ತಲೆ ಎತ್ತದೆ, "ಅಲ್ಲಿಡಪ್ಪಾ ನಿರ್ದಯಣ್ಣ," ಎಂದಳು. ಎಲ್ಲರೂ ನಕ್ಕರು. ಜವಾನನಿಗೆ ಆ ಹೆಸರು ಅಂಟಲಿಲ್ಲ, ಅವಳಿಗೆ ಅವಳದು ಅಂಟಿತು. ಅಡ್ಡಹೆಸರೂ ಆಳು ನೋಡಿಯೇ ಅಂಟುವುದು.

ಈ ಅನುಕಂಪ ಎಂಬ ಮಾತಿಗೆ ಆ ಕಚೇರಿಯಲ್ಲಿ ಒಬ್ಬ ಪಂಡಿತರಿದ್ದರು, ಸೂಪರಿಂಟೆಂಡೆಂಟರು. ಹೊಸ ಗುಮಾಸ್ತ ಯಾರೇ ಸೇರಲಿ, ಮೊದಲ ವಾರವೇ ಅವನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು.

"ಕಂಪ ಅಂದ್ರೆ ನಡುಕ ಕಣಯ್ಯ. ಅನು ಅಂದ್ರೆ ಹಿಂದೇನೇ, ಜೊತೆಜೊತೆಗೇ. ಎದುರಿಗಿರೋರು ನಡುಗಿದಾಗ ನಮ್ಮೆದೆನೂ ನಡುಗ್ಬೇಕು. ಅದು ಅನುಕಂಪ. ಬರೀ ಕಾಗದ ನೋಡಿದ್ರೆ ಹುಟ್ಟಲ್ಲ ಅದು, ಮನೆಗೇ ಹೋಗಿ ನೋಡ್ಬೇಕು."

ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ನಡುಗಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ಕಸ ಗುಡಿಸುವ ಝಾಡಮಾಲಿಯ ಕೈಗೆ ಗಾಜು ಹೊಕ್ಕು ರಕ್ತ ಸುರಿಯುತ್ತಿದ್ದಾಗಲೂ, "ಕಾರ್ಪೆಟ್ ಮೇಲೆ ಬೇಡ, ಆಚೆ ನಿಂತ್ಕೋ," ಎಂದು ಪಾಠ ಮುಂದುವರಿಸಿದವರು. ಅವರ ಸಹಿ ನೋಡಬೇಕು, ಅಚ್ಚು ಹಾಕಿದಂಥ ದುಂಡನೆಯ ಅಕ್ಷರ. ಮೂವತ್ತು ವರ್ಷದ ಹಿಂದಿನದೂ ಇವತ್ತಿನದೂ ಒಂದರ ಮೇಲೊಂದು ಇಟ್ಟರೆ ಗೆರೆಗೆ ಗೆರೆ ಕೂಡುತ್ತಿತ್ತು.

ಪಾಠ ಮುಗಿದ ಮೇಲೆ ಟಪಾಲು ವಿಭಾಗದ ಬೀರುವಿನಿಂದ ಒಂದು ಕಡತ ಹೊರಗೆ ಬರುತ್ತಿತ್ತು. ಮೂರು ಪುಟದ ವರದಿ, ಮೇಲೆ ಕೆಂಪು ಶಾಯಿಯಲ್ಲಿ 'ಮಾದರಿ' ಎಂದು ಬರೆದದ್ದು. ಸತ್ತ ನೌಕರನ ಮನೆಗೆ ಹೋಗಿ ತನಿಖೆ ಮಾಡಿ ಬಂದವರು ವರದಿ ಹೇಗೆ ಬರೆಯಬೇಕು ಎಂಬುದಕ್ಕೆ ಮಾದರಿ. ಅದನ್ನು ಬರೆದವರು ಇವರೇ, ಗುಮಾಸ್ತರಾಗಿದ್ದ ಕಾಲದಲ್ಲಿ. ಬರೆಸಿಕೊಂಡವಳು ಅನುಕಂಪಮ್ಮ. ಅವಳ ಅಡುಗೆಮನೆ, ಅವಳ ಖಾಲಿ ಹಿಟ್ಟಿನ ಡಬ್ಬಿ, ಬರಿ ನೆಲದ ಮೇಲೆ ಮಲಗಿದ್ದ ಅವಳ ಮಗು, ಎಲ್ಲ ಅದರಲ್ಲಿ ಇತ್ತು. ಮೂವತ್ತನಾಲ್ಕು ವರ್ಷ ಬಂದ ಗುಮಾಸ್ತರೆಲ್ಲ ಅದನ್ನು ಓದಿ, ಆಮೇಲೆ ಟಪಾಲು ವಿಭಾಗದ ಕಡೆ ತಿರುಗಿ, ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡು ಅವಳನ್ನು ನೋಡುತ್ತಿದ್ದರು. ಅವಳು ಪುಡಿ ನಶ್ಯ ಏರಿಸಿದವಳಂತೆ ಮೂಗು ಸೊಟ್ಟ ಮಾಡುತ್ತಿದ್ದಳು.

ಯಾಕೆಂದರೆ ಆ ವರದಿಯಲ್ಲಿ ಇದ್ದದ್ದು ಅಷ್ಟೂ ಸುಳ್ಳು.

ಅವಳ ಗಂಡ ಪಂಪ್‌ಹೌಸಿನಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದ. ಒದ್ದೆ ನೆಲ, ಸಿಪ್ಪೆ ಸುಲಿದ ತಂತಿ. ತಂತಿ ಬದಲಾಯಿಸಿ ಎಂದು ಅವನೇ ಮೂರು ಸಲ ಅರ್ಜಿ ಬರೆದಿದ್ದ. ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೋದವನ ಡಬ್ಬಿ ಮಾತ್ರ ಸಾಯಂಕಾಲ ಮನೆಗೆ ಬಂತು, ಮುಚ್ಚಳ ತೆಗೆದಿರಲಿಲ್ಲ. ಆಗ ಅವಳಿಗೆ ಇಪ್ಪತ್ತಾರು, ಮಗನಿಗೆ ಮೂರು. ಎರಡು ತಿಂಗಳ ಮೇಲೆ ಕಚೇರಿಯಿಂದ ಪತ್ರ ಬಂತು: ಕುಟುಂಬದ ಪರಿಸ್ಥಿತಿಯನ್ನು ಕಣ್ಣಾರೆ ಕಾಣಲು ತನಿಖೆಗೆ ಬರುತ್ತೇವೆ.

ಅವಳು ಮಾಡಿದ ತಪ್ಪು ಇಷ್ಟೇ: ಯಾರೋ ಮನೆಗೆ ಬರುತ್ತಾರೆ ಎಂದುಕೊಂಡಳು. ಮನೆಗೆ ಬರುವವರಿದ್ದರೆ ಮರ್ಯಾದಸ್ಥರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ನೆಲ ತಿಕ್ಕಿದಳು. ಗಂಡ ಇಷ್ಟಪಟ್ಟು ತಂದಿದ್ದ ನೀಲಿ ಪರದೆಯನ್ನು ಒಗೆದು ಕಿಟಕಿಗೆ ಹಾಕಿದಳು. ಡಬ್ಬಿಗಳನ್ನು ಬೆಳಗಿ ಸಾಲಾಗಿ ಜೋಡಿಸಿದಳು. ಮಗನಿಗೆ ಸ್ನಾನ ಮಾಡಿಸಿ ಇಸ್ತ್ರಿ ಅಂಗಿ ತೊಡಿಸಿದಳು. ಬಂದ ಗುಮಾಸ್ತ ನಾಲ್ಕು ಬಿಸ್ಕತ್ತು ತಿಂದ, ಟೀ ಚೆನ್ನಾಗಿದೆ ಎಂದ, ಇನ್ನೊಂದು ಲೋಟ ಕೇಳಿ ಕುಡಿದ. ಹೋಗಿ ಬರೆದ: 'ಮನೆ ಸುಸ್ಥಿತಿಯಲ್ಲಿದೆ. ಅನುಕಂಪ ಹುಟ್ಟುವಂತಹ ಸನ್ನಿವೇಶ ಕಂಡುಬರಲಿಲ್ಲ.' ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ.

ಪತ್ರ ಓದಿಸಿ ಕೇಳಿದವಳು ಅವಳ ಅತ್ತೆ. ಸತ್ತವನ ತಾಯಿ. ಎರಡು ತಿಂಗಳಿಂದ ಬಾಯಿ ಬಿಡದೆ ಗೋಡೆಗೆ ಒರಗಿ ಕೂತಿದ್ದ ಮುದುಕಿ ಅವತ್ತು ಎದ್ದು ನಿಂತಳು.

"ನನ್ನ ಮಗ ಸತ್ತಿದ್ದು ಸಾಲ್ದಂತೆ ಅವರಿಗೆ," ಎಂದಳು. "ಹಿಟ್ಟಿನ ಡಬ್ಬಿನೂ ಸಾಯ್ಬೇಕಂತೆ. ಆಗ್ಲಿ ಬಿಡು, ಸಾಯಿಸೋಣ. ಇನ್ನೊಂದ್ಸಲ ಬನ್ನಿ ಅಂತ ಅರ್ಜಿ ಹಾಕು."

ಎರಡನೆಯ ಸಲ ಅದೇ ಗುಮಾಸ್ತ ಬರುವ ಬೆಳಗ್ಗೆ ಅತ್ತೆ ಸೊಸೆ ಸೇರಿ ಮನೆಯನ್ನು ಬೋಳಿಸಿದರು. ಮಂಚ ಪಕ್ಕದ ಮನೆಗೆ ಹೋಯಿತು. ಪರದೆ ಟ್ರಂಕಿನ ತಳ ಸೇರಿತು. ಹಿಟ್ಟನ್ನು ದಿಂಬಿನ ಚೀಲಕ್ಕೆ ಸುರಿದು ಹಿತ್ತಲ ಮನೆಯವರಿಗೆ ಕೊಟ್ಟರು. ಅದಕ್ಕೆ ಇರುವೆ ಹತ್ತಿ, ಆಮೇಲೆ ಜರಡಿ ಹಿಡಿದೂ ಹಿಡಿದೂ ಸಾಕಾಯಿತು. ಮಗುವಿಗೆ ಹಳೆಯ ಅಂಗಿ ತೊಡಿಸಿ, ನಗಬಾರದು ಎಂದು ಹೇಳಿಕೊಟ್ಟರು. ಮೂರು ವರ್ಷದ ಮಗುವಿಗೆ ಅದನ್ನು ಹೇಳಿಕೊಡುವುದು ಸುಲಭವಲ್ಲ. ಕೊನೆಗೆ ಅತ್ತೆ ತೊಡೆಗೆ ಒಂದು ಚಿವುಟಿದಳು, ಅದು ಅತ್ತು ಅತ್ತು ನೆಲದ ಮೇಲೇ ನಿದ್ದೆ ಹೋಯಿತು.

ಗುಮಾಸ್ತ ಬಂದ. ಡಬ್ಬಿಯ ಮುಚ್ಚಳ ತೆಗೆದ, ತಳ ಕಂಡಿತು. ಎರಡನೆಯದನ್ನು ತೆಗೆದ. ಮೂರನೆಯದಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿಕೊಂಡು, "ಅಮ್ಮಾ, ನಿಮ್ಮ ದುಃಖ ನನ್ನ ದುಃಖ," ಎಂದ. ಮೊದಲ ಸಲ ಬಂದಾಗಲೂ ಇದೇ ಅತ್ತೆ, ಇದೇ ಸೊಸೆ, ಅದೇ ಗೋಡೆಯ ಮೇಲೆ ಸತ್ತವನ ಅದೇ ಫೋಟೋ. ಆಗ ಅವನಿಗೆ ಅವರ ದುಃಖ ಕಂಡಿರಲಿಲ್ಲ, ಬಿಸ್ಕತ್ತು ಕಂಡಿತ್ತು.

ಅವನು ಮೂರು ಪುಟ ಬರೆದ. ಮೇಲಿನವರು ಓದಿ ಅತ್ತರಂತೆ. ಅವಳಿಗೆ ನೌಕರಿ ಆಯಿತು, ಅವನಿಗೆ ಬಡ್ತಿ ಆಯಿತು. ಅವನೇ ಮುಂದೆ ಸೂಪರಿಂಟೆಂಡೆಂಟರು.

ನೌಕರಿ ಕಾಯಂ ಆಗುವವರೆಗೂ ಅತ್ತೆ ಮಂಚ ವಾಪಸು ತರಿಸಲಿಲ್ಲ. ಯಾವ ಹೊತ್ತಿನಲ್ಲಿ ಯಾರು ನೋಡಲು ಬರುತ್ತಾರೋ ಎಂದು ವರ್ಷವೆಲ್ಲ ನೆಲದ ಮೇಲೆ ಮಲಗಿದರು. ಪರದೆ ಟ್ರಂಕಿನಲ್ಲೇ ಉಳಿಯಿತು. ಮೊದಲು ಹೆದರಿಕೆಯಿಂದ ಉಳಿಯಿತು, ಆಮೇಲೆ ರೂಢಿಯಿಂದ. ಅತ್ತೆ ತೀರಿಕೊಂಡಳು, ಮಗ ದೊಡ್ಡವನಾಗಿ ಕನ್ನಡಕದ ಅಂಗಡಿ ಇಟ್ಟ, ಸೊಸೆ ಬಂದು ಹೊಸ ಹೂವಿನ ಪರದೆ ಹಾಕಿದಳು. ಅನುಕಂಪಮ್ಮ ಅದನ್ನು ನೋಡಿದಾಗಲೆಲ್ಲ ಯಾಕೆ ಮುಖ ತಿರುಗಿಸುತ್ತಾಳೆ ಎಂಬುದು ಮಾತ್ರ ಆ ಹುಡುಗಿಗೆ ತಿಳಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅನುಕಂಪಮ್ಮ ಬಾಯಿ ಬಿಡಲಿಲ್ಲ. ಇಲ್ಲಿ ಅವಳನ್ನೂ ಬಿಡುವ ಹಾಗಿಲ್ಲ. ಕಚೇರಿಯ ಮೇಲೆ ಅವಳಿಗಿದ್ದ ತಾತ್ಸಾರ ಬೆಟ್ಟದಷ್ಟು, ಆದರೆ ತಿಂಗಳ ಮೊದಲ ದಿನ ಸಂಬಳದ ಸಾಲಿನಲ್ಲಿ ಅವಳೂ ನಿಲ್ಲುತ್ತಿದ್ದಳು. ಮಾದರಿ ವರದಿಗೆ ಹೊಂದದ ಮನೆಗಳಿಗೆಲ್ಲ ತಿರಸ್ಕಾರದ ಪತ್ರ ಹೋಗುತ್ತಿತ್ತು. ಒಬ್ಬರ ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು ಎಂದು, ಇನ್ನೊಬ್ಬರ ಮನೆಯಲ್ಲಿ ಮಗಳು ಹಾಡು ಗುನುಗುತ್ತಿದ್ದಳು ಎಂದು. ಆ ಪತ್ರಗಳಿಗೆ ಜಾವಕ ಪುಸ್ತಕದಲ್ಲಿ, ಅಂದರೆ ಹೊರಗೆ ಹೋಗುವ ಕಾಗದಗಳ ಪುಸ್ತಕದಲ್ಲಿ, ನಂಬರು ಹಾಕಿ ಅಂಟು ಹಚ್ಚಿ ಕಳಿಸಿದ್ದು ಅವಳ ಕೈಯೇ. ಒಟ್ಟು ಇಪ್ಪತ್ತೇಳು. ಅವಳಿಗೆ ಲೆಕ್ಕ ಬಾಯಿಪಾಠ ಇತ್ತು. ಲೆಕ್ಕ ಇಟ್ಟುಕೊಂಡು ಸುಮ್ಮನಿರುವುದು ದೊಡ್ಡ ಸಾಧನೆಯೇನಲ್ಲ.

ಅವಳ ನಿವೃತ್ತಿಗೆ ಇನ್ನು ಎಂಟು ದಿನ ಇತ್ತು. ಪಿಂಚಣಿಯ ಕಡತ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಆಗ ಇಪ್ಪತ್ತೆಂಟನೆಯ ಪತ್ರ ಅವಳ ಮೇಜಿಗೆ ಬಂತು.

ಪೈಪ್ ಫಿಟ್ಟರ್ ಒಬ್ಬ ಪೈಪಿಗೆಂದು ತೋಡಿದ ಕಾಲುವೆಯೊಳಗೆ ಇಳಿದು ಕೆಲಸ ಮಾಡುವಾಗ ಮೇಲಿನ ಮಣ್ಣು ಕುಸಿದು ಸತ್ತಿದ್ದ. ಅವನ ಹೆಂಡತಿಯ ಅರ್ಜಿಗೆ ಬರೆದ ತಿರಸ್ಕಾರ ಅದು. ಸೂಪರಿಂಟೆಂಡೆಂಟರೇ ಖುದ್ದು ತನಿಖೆ ಮಾಡಿ ಬರೆದಿದ್ದರು: 'ಕಿಟಕಿಗೆ ಹಕ್ಕಿಗಳ ಚಿತ್ರವಿರುವ ಪರದೆ ಇದೆ. ಡಬ್ಬಿಗಳು ಭರ್ತಿ ಇವೆ. ತನಿಖೆಯ ಸಮಯದಲ್ಲಿ ಅರ್ಜಿದಾರಳು ನಕ್ಕಳು. ಅನುಕಂಪ ಹುಟ್ಟುವಂತಹ ಸನ್ನಿವೇಶ ಕಂಡುಬರಲಿಲ್ಲ.' ಕೊನೆಯ ಸಾಲು ಅವಳಿಗೆ ಗುರುತಿನದೇ. ಮನುಷ್ಯ ಮೂವತ್ತನಾಲ್ಕು ವರ್ಷದಲ್ಲಿ ಒಂದು ಹೊಸ ವಾಕ್ಯವನ್ನೂ ಕಲಿತಿರಲಿಲ್ಲ.

ಗಂಡ ಸತ್ತು ವರ್ಷ ತುಂಬುವುದರೊಳಗೆ ಆದೇಶ ಆಗದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಫಿಟ್ಟರ್ ಸತ್ತು ವರ್ಷ ತುಂಬಲು ಆರು ದಿನ ಉಳಿದಿತ್ತು. ಅನುಕಂಪಮ್ಮ ಪತ್ರಕ್ಕೆ ನಂಬರು ಹಾಕಲಿಲ್ಲ. ಕೈಯಲ್ಲಿ ಹಿಡಿದುಕೊಂಡು ನೇರ ಸೂಪರಿಂಟೆಂಡೆಂಟ್ ಸಾಹೇಬರ ಕೋಣೆಗೆ ಹೋದಳು.

"ಸಾರ್, ತನಿಖೆಗೆ ಒಬ್ಬ ಹೆಂಗಸು ಜೊತೇಲಿರ್ಬೇಕು ಅಂತ ಸುತ್ತೋಲೆ ಬಂದಿದೆ. ಇದರ ಜೊತೆಗಿರೋ ವರದೀಲಿ ಹೆಂಗಸಿನ ಸಹಿ ಇಲ್ಲ. ಹೀಗೇ ಕಳಿಸಿದ್ರೆ ಮೇಲಿನೋರು ವಾಪಸ್ ಕಳಿಸ್ತಾರೆ."

ಸಾಹೇಬರಿಗೆ ದುಃಖಕ್ಕಿಂತ ಸುತ್ತೋಲೆಯ ಭಯ ಹೆಚ್ಚು. ಗಡ್ಡ ಕೆರೆದುಕೊಂಡು, "ಹಾಗಾದ್ರೆ ನಾಡಿದ್ದು ಇನ್ನೊಂದ್ಸಲ ಹೋಗೋಣ, ನೀವೇ ಬನ್ನಿ," ಎಂದರು. ಆಮೇಲೆ ದನಿ ತಗ್ಗಿಸಿ, "ಅನುಕಂಪ ಅಂದ್ರೇನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಮ್ಮ," ಎಂದು ಕನ್ನಡಕ ಒರೆಸಿಕೊಂಡರು. ಅವಳಿಗೆ ಮೈಯೆಲ್ಲ ಉರಿಯಿತು.

ಮಾರನೆಯ ಸಂಜೆ ಕಚೇರಿ ಮುಗಿಸಿಕೊಂಡು ಅವಳು ಫಿಟ್ಟರನ ಮನೆ ಹುಡುಕಿಕೊಂಡು ಹೋದಳು. ರೈಲು ಹಳಿಯ ಆಚೆ, ಎರಡು ಕೋಣೆಯ ಮನೆ. ಬಾಗಿಲು ತೆಗೆದವಳಿಗೆ ಮೂವತ್ತು ಇರಬಹುದು. ತೋಳು ಮಡಿಸಿ ಬಟ್ಟೆ ಒಗೆಯುತ್ತಿದ್ದವಳು, ಕೈಯಲ್ಲಿ ಸೋಪಿನ ನೊರೆ ಇತ್ತು. ಆರು ವರ್ಷದ ಮಗಳು ಮೂಲೆಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದಳು.

"ಅವತ್ತು ನಕ್ಕಿದ್ಯಾಕಮ್ಮ?" ಎಂದು ಅನುಕಂಪಮ್ಮ ಕೂತ ಕೂಡಲೇ ಕೇಳಿದಳು.

"ನನ್ನ ಮಗಳು ಆ ಸಾಹೇಬರನ್ನ, ಅಂಕಲ್ ನೀವು ನೀರಿನೋರಾ, ಹಾಗಾದ್ರೆ ನಮ್ಮ ನಲ್ಲೀಲಿ ಯಾಕೆ ನೀರು ಬರಲ್ಲ ಅಂತ ಕೇಳಿದ್ಳು. ಅವರ ಮುಖ ಹೇಗಾಯ್ತು ಅಂತೀರ. ನಗು ತಡೆಯಕ್ಕಾಗ್ಲಿಲ್ಲ."

ಅನುಕಂಪಮ್ಮನಿಗೂ ತುಟಿಯ ತುದಿಗೆ ಬಂತು, ನುಂಗಿಕೊಂಡಳು. ನಾಳೆ ಬೆಳಗ್ಗೆ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳಿದಳು. ಪರದೆ ಇಳಿಸು. ಡಬ್ಬಿ ಖಾಲಿ ಮಾಡು. ಮಗಳ ಪುಸ್ತಕ, ಬಣ್ಣದ ಪೆನ್ಸಿಲು ಎಲ್ಲ ಒಳಗಿಡು. ಅವರು ಕೇಳಿದ್ದಕ್ಕೆ ನೆಲ ನೋಡಿಕೊಂಡು ಉತ್ತರ ಕೊಡು. ತನ್ನ ಕಥೆಯನ್ನೂ ಹೇಳಿದಳು, ದಿಂಬಿನೊಳಗಿನ ಹಿಟ್ಟು, ಇರುವೆ, ಮಗುವಿನ ತೊಡೆಗೆ ಚಿವುಟಿದ್ದು ಸಹಿತ. ಮೂವತ್ತನಾಲ್ಕು ವರ್ಷದಲ್ಲಿ ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಫಿಟ್ಟರನ ಹೆಂಡತಿ ಕೇಳಿಸಿಕೊಂಡು ಕಿಟಕಿಯ ಕಡೆ ನೋಡಿದಳು. ಪರದೆ ತೂಗುಬಿದ್ದಿದ್ದ ಸರಳು ಅರ್ಧ ಇಂಚಿನ ನೀರಿನ ಪೈಪಿನ ತುಂಡು. ಎರಡು ತುದಿಗೂ ಅಚ್ಚುಕಟ್ಟಾಗಿ ಮುಚ್ಚಳ ತಿರುಗಿಸಿತ್ತು.

"ಅದನ್ನ ಹಾಕಿದ್ದು ಅವರು," ಎಂದಳು. "ಇಳಿಸ್ಬೇಕು ಅಂದ್ರೆ ಅವರೇ ಬಂದು ಇಳಿಸ್ಲಿ."

"ಸ್ವಾಭಿಮಾನ ಬೇಯಿಸ್ಕೊಂಡು ತಿನ್ನಕ್ಕಾಗಲ್ಲ ಕಣಮ್ಮ. ಒಂದು ಗಂಟೆ ಹೊತ್ತಿನ ನಾಟಕ. ಆಮೇಲೆ ಮತ್ತೆ ಹಾಕ್ಕೊಂಡ್ರಾಯ್ತು."

"ನೀವು ಇಳಿಸಿದ್ರಲ್ಲ ಅಕ್ಕ. ಮತ್ತೆ ಹಾಕಿದ್ರಾ?"

ಅನುಕಂಪಮ್ಮನಿಗೆ ಟ್ರಂಕಿನ ತಳದ ನೀಲಿ ಪರದೆ ನೆನಪಾಯಿತು. ಟಪಾಲು ವಿಭಾಗದಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ, ಇಲ್ಲಿ ಆ ನಾಲಿಗೆ ಕೆಲಸಕ್ಕೆ ಬರಲಿಲ್ಲ. ಫಿಟ್ಟರನ ಹೆಂಡತಿ ಚುಚ್ಚಬೇಕೆಂದು ಕೇಳಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು.

"ಕೆಲಸ ಬೇಡ್ವಾ ನಿಂಗೆ?" ಎಂದಳು ಅನುಕಂಪಮ್ಮ.

"ಬೇಕು ಅಕ್ಕ. ಬಾಡಿಗೆ ಕಟ್ಟಕ್ಕೆ ಬೇಕು, ಇವಳನ್ನ ಓದಿಸಕ್ಕೆ ಬೇಕು. ಎರಡು ಮನೆ ಬಟ್ಟೆ ಒಗೆದು ಡಬ್ಬಿ ತುಂಬಿಸಿದೀನಿ. ಅದನ್ನ ಅವರೆದುರಿಗೆ ಖಾಲಿ ಮಾಡ್ಬೇಕು ಅಂತೀರಲ್ಲ." ಇಷ್ಟು ಹೇಳುವಾಗ ಅವಳ ಗಲ್ಲ ಅದುರಿತು. ಮಗಳು ತಲೆ ಎತ್ತಿ ನೋಡುತ್ತಿದ್ದಾಳೆಂದು ಕಂಡು ಥಟ್ಟನೆ ಸೋಪಿನ ಬಕೆಟ್ಟಿಗೆ ಬಗ್ಗಿದಳು. ಆ ಅದುರಿಕೆಯನ್ನು ನೋಡಬೇಕಾದವರು ಯಾರೂ ಅಲ್ಲಿ ಇರಲಿಲ್ಲ. ಅನುಕಂಪಮ್ಮ ನೋಡಿದಳು. ಅವಳ ಎದೆಯೊಳಗೆ ಯಾವುದೋ ಹಳೆಯ ಕೀಲು ಕದಲಿದಂತಾಯಿತು. ಎದ್ದು, ಸೆರಗು ಸರಿಮಾಡಿಕೊಂಡು, "ಆಯ್ತು, ಇಳಿಸ್ಬೇಡ," ಎಂದು ಹೊರಟಳು.

ಮನೆಗೆ ಬಂದು ಊಟಕ್ಕೂ ಕೂರದೆ ಒಂದು ಹಾಳೆ ತೆಗೆದು ಬರೆದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಜಾವಕ ಪುಸ್ತಕದಲ್ಲಿ ಒಂದು ನಂಬರು ಖಾಲಿ ಬಿಟ್ಟು ಬಂದಳು. ಆ ನಂಬರಿಗೆ ಒಮ್ಮೆ ಕಾಗದ ಏರಿತೆಂದರೆ ಅದನ್ನು ಸಾಹೇಬರಲ್ಲ, ಸಾಹೇಬರ ಅಪ್ಪ ಬಂದರೂ ಅಳಿಸುವಂತಿಲ್ಲ.

ತನಿಖೆ ಹನ್ನೊಂದಕ್ಕೆ. ಸೂಪರಿಂಟೆಂಡೆಂಟರು ಕುರ್ಚಿಯಲ್ಲಿ ಕೂತು ಮೊದಲು ನಲ್ಲಿಯ ಕಡೆ ಬೆನ್ನು ಮಾಡಿಕೊಂಡರು. ಮಗಳು ಶಾಲೆಗೆ ಹೋಗಿದ್ದಳು, ಅದೊಂದು ಅವರ ಪುಣ್ಯ. ಪರದೆಯ ಹಕ್ಕಿಗಳು ಗಾಳಿಗೆ ಆಡುತ್ತಿದ್ದವು. ಸಾಹೇಬರು ಎದ್ದು ಡಬ್ಬಿ ತೆರೆದರು. ತುಂಬಿತ್ತು. ಇನ್ನೊಂದು ತೆರೆದರು. ಅದೂ ತುಂಬಿತ್ತು. ಅವರ ಮುಖದಲ್ಲಿ ನಿರಾಸೆ ಕಂಡಿತು, ಔತಣಕ್ಕೆ ಬಂದವರಿಗೆ ಎಲೆ ಹಾಕಿಲ್ಲ ಎಂದು ಗೊತ್ತಾದಾಗ ಕಾಣುವಂಥದ್ದು.

"ನೋಡಿದ್ರಾ?" ಎಂದರು ಅನುಕಂಪಮ್ಮನ ಕಡೆ ಬಾಗಿ. "ಎದೆ ಕದಲಲ್ಲ ಇಲ್ಲಿ. ಅವತ್ತು ನಕ್ಕಳಲ್ಲ, ಆಗ್ಲೇ ಅನ್ಕೊಂಡೆ. ನಗೋ ಹೆಂಗಸನ್ನ ನಂಬಬಾರದು ಅಂತ ಗಾದೆನೇ ಇದೆ."

"ಗಾದೆ ಅಷ್ಟಕ್ಕೇ ಮುಗಿಯಲ್ಲ ಸಾರ್," ಎಂದಳು ಅನುಕಂಪಮ್ಮ. "ಅಳೋ ಗಂಡಸನ್ನೂ ನಂಬಬಾರದು ಅಂತ ಇದೆ."

ಅವಳು ಚೀಲದಿಂದ ಹಾಳೆ ತೆಗೆದು ಡಬ್ಬಿಗಳ ಪಕ್ಕದಲ್ಲಿ ಇಟ್ಟಳು.

"ನಿಮ್ಮ ಮಾದರಿ ವರದಿ ಇದೆಯಲ್ಲ, ಅದರಲ್ಲಿರೋ ಡಬ್ಬಿ ಖಾಲಿ ಇರ್ಲಿಲ್ಲ ಸಾರ್. ನೀವು ಬರೋ ಎರಡು ಗಂಟೆ ಮುಂಚೆ ನಾನೂ ನಮ್ಮತ್ತೆನೂ ಖಾಲಿ ಮಾಡಿದ್ದು. ಮಂಚ ಪಕ್ಕದ ಮನೇಲಿತ್ತು. ಮಗು ಹಸಿವಿಗೆ ಮಲಗಿದ್ದಲ್ಲ, ಚಿವುಟಿಸ್ಕೊಂಡು ಅತ್ತು ಮಲಗಿದ್ದು. ಎಲ್ಲ ಬರೆದಿದೀನಿ ಇದರಲ್ಲಿ."

ಸಾಹೇಬರು ಹಾಳೆ ಓದಿದರು. ಎರಡು ಸಲ ಓದಿದರು. ಫಿಟ್ಟರನ ಹೆಂಡತಿ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದಳು.

"ಇದು ಮೋಸ," ಎಂದರು ಸಾಹೇಬರು. "ಸುಳ್ಳು ಹೇಳಿ ನೌಕರಿ ತಗೊಂಡಿದೀರಿ. ನಿಮ್ಮ ಪಿಂಚಣಿ ಕಡತ ನನ್ನ ಮೇಜಿನ ಮೇಲಿದೆ, ನೆನಪಿದೆಯಾ?"

"ಇದೆ ಸಾರ್. ನಾಲ್ಕು ದಿನದಿಂದ ಅದನ್ನೇ ನೋಡ್ತಿದೀನಿ. ಹೋದ್ರೆ ಹೋಗ್ಲಿ. ಆದ್ರೆ ಅದರ ಜೊತೆ ನಿಮ್ಮ ಮಾದರಿನೂ ಹೋಗತ್ತೆ. ಖಾಲಿ ಡಬ್ಬಿ ನೋಡಿ ಮೋಸ ಹೋದೋರು ಯಾರು ಅಂತ ಮೇಲಿನೋರು ಕೇಳ್ತಾರೆ. ಆ ಮಾದರಿಗೆ ಹೊಂದಲ್ಲ ಅಂತ ವಾಪಸ್ ಕಳಿಸಿದ ಇಪ್ಪತ್ತೇಳು ಅರ್ಜಿ ಮತ್ತೆ ತೆಗೀರಿ ಅಂತಾರೆ. ಜಾವಕ ಪುಸ್ತಕದಲ್ಲಿ ಇದಕ್ಕೊಂದು ನಂಬರು ಬಿಟ್ಟು ಬಂದಿದೀನಿ. ಮೂರು ಗಂಟೆಗೆ ಟಪಾಲು ಹೋಗತ್ತೆ."

ಸಾಹೇಬರು ಕನ್ನಡಕ ತೆಗೆದರು. ಒರೆಸಿಕೊಳ್ಳಲು ಮರೆತು ಕೈಯಲ್ಲೇ ಹಿಡಿದುಕೊಂಡರು. ಆಟಿಕೆ ಕಳಕೊಂಡ ಮಗುವಿನಂಥ ದನಿಯಲ್ಲಿ ಕೇಳಿದರು:

"ಹಾಗಾದ್ರೆ ಅವತ್ತು ನಾನು ಅತ್ತಿದ್ದು?"

"ಅದು ನಿಜವಾಗ್ಲೂ ಅತ್ತಿದ್ದೇ ಸಾರ್. ನಿಮ್ಮ ಖುಷಿಗೆ ನೀವು ಅತ್ರಿ. ಅಳೋ ಅಷ್ಟು ಒಳ್ಳೆಯವನು ನಾನು ಅಂತ ನಿಮಗೆ ಅನ್ನಿಸ್ತು, ಮನೆಗೆ ಹೋಗಿ ಚೆನ್ನಾಗಿ ಉಂಡಿರಿ. ಅದಕ್ಕೆ ಒಂದು ಡಬ್ಬಿ ಹಿಟ್ಟು ಇರುವೆ ಪಾಲಾಯ್ತು, ನಮ್ಮತ್ತೆ ಸೊಂಟ ನೆಲದ ಮೇಲೆ ಮಲಗಿ ಹೋಯ್ತು. ಇವಳಿಗೂ ಅದನ್ನೇ ಮಾಡು ಅಂತ ನಿನ್ನೆ ಹೇಳಕ್ಕೆ ಬಂದಿದ್ದೆ. ಇವಳು ಒಪ್ಪಲಿಲ್ಲ, ನಂಗೆ ನಾಚಿಕೆ ಆಯ್ತು. ನಿಮಗಾಗತ್ತೆ ಅಂತ ನಾನೇನೂ ಕಾದು ಕೂತಿಲ್ಲ. ಬರೀರಿ."

"ಏನಂತ ಬರೀಲಿ?" ಎಂದರು ಸಾಹೇಬರು. ಅದು ಸೋಗಲ್ಲ. ಖಾಲಿ ಡಬ್ಬಿ ಇಲ್ಲದೆ ವರದಿ ಬರೆಯುವುದು ಹೇಗೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅನುಕಂಪಮ್ಮ ಅವರ ಕೈಯಿಂದ ಪೆನ್ನನ್ನೂ ಖಾಲಿ ವರದಿ ಹಾಳೆಯನ್ನೂ ತೆಗೆದುಕೊಂಡು ತಾನೇ ಬರೆದಳು: 'ಅರ್ಜಿದಾರಳ ಗಂಡ ನಮ್ಮ ಕೆಲಸ ಮಾಡುವಾಗ ನಮ್ಮ ಕಾಲುವೆಯಲ್ಲಿ ಸತ್ತಿದ್ದಾನೆ. ಮನೆ ಚೊಕ್ಕಟವಾಗಿದೆ. ಡಬ್ಬಿಗಳು ತುಂಬಿವೆ, ಅವಳು ದುಡಿದು ತುಂಬಿಸಿದ್ದಾಳೆ. ನೌಕರಿ ಕೊಡತಕ್ಕದ್ದು.' ತನ್ನ ಸಹಿ ಹಾಕಿ ಹಾಳೆಯನ್ನು ಅವರ ಕಡೆಗೆ ತಿರುಗಿಸಿದಳು.

"ಸಹಿ ಮಾಡಿದ್ರೆ ಆ ಪತ್ರ ಟಪಾಲಿಗೆ ಹಾಕಲ್ಲ ತಾನೇ?"

"ಹಾಕಲ್ಲ. ಮಾತು ಕೊಟ್ಟೆ. ನನ್ನ ಕಡತಕ್ಕೂ ಇವತ್ತೇ ಸಹಿ ಆಗ್ಬೇಕು."

ಸಾಹೇಬರು ಪೆನ್ನು ಹಿಡಿದರು. ಮೊದಲ ಅಕ್ಷರಕ್ಕೇ ಕೈ ಗಡಗಡ ನಡುಗಿತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡರು, ಆದರೂ ನಿಲ್ಲಲಿಲ್ಲ. ಅನುಕಂಪಮ್ಮ ನೋಡುತ್ತ ನಿಂತಳು. ಮೂವತ್ತನಾಲ್ಕು ವರ್ಷ ನಡುಕದ ಪಾಠ ಹೇಳಿದ ಮನುಷ್ಯ ನಡುಗಿದ್ದನ್ನು ಅವಳು ಕಂಡದ್ದು ಅದೇ ಮೊದಲು, ಅದೂ ತಮಗಾಗಿ ತಾವೇ ನಡುಗಿದ್ದು.

ಸಹಿ ಎಷ್ಟು ಸೊಟ್ಟಗೆ ಬಿತ್ತೆಂದರೆ, ಮರುದಿನ ಮೇಲಿನ ಕಚೇರಿಯಿಂದ ಫೋನು ಬಂತು: ಈ ಸಹಿ ತಮ್ಮದೇ ಹೌದೇ ಎಂದು ಖಚಿತಪಡಿಸಿ. ಸಾಹೇಬರು ಅದು ತಮ್ಮದೇ ಎಂದು ಇನ್ನೊಂದು ಕಾಗದ ಬರೆದು ಅದಕ್ಕೊಂದು ಸಹಿ ಹಾಕಬೇಕಾಯಿತು. ವರ್ಷ ತುಂಬಲು ಒಂದು ದಿನ ಇರುವಾಗ ಆದೇಶ ಬಂತು.

ಅನುಕಂಪಮ್ಮನ ಕೊನೆಯ ದಿನವೇ ಫಿಟ್ಟರನ ಹೆಂಡತಿಯ ಮೊದಲ ದಿನ. ಬೀಳ್ಕೊಡುಗೆ ಸಭೆಯಲ್ಲಿ ಸಾಹೇಬರು ಒಂದೂವರೆ ನಿಮಿಷ ಮಾತಾಡಿದರು. ಟಪಾಲು ವಿಭಾಗದ ಅಚ್ಚುಕಟ್ಟಿನ ಬಗ್ಗೆ ಹೇಳಿದರು, ಸಮಯಪಾಲನೆಯ ಬಗ್ಗೆ ಹೇಳಿದರು, ಅನುಕಂಪದ ಬಗ್ಗೆ ತುಟಿ ಬಿಚ್ಚಲಿಲ್ಲ. ಸಾಹೇಬರಿಗೆ ಮೈ ಸರಿಯಿಲ್ಲವೇನೋ ಎಂದು ಜನ ಮಾತಾಡಿಕೊಂಡರು.

ಸಭೆ ಮುಗಿದ ಮೇಲೆ ಟಪಾಲು ವಿಭಾಗದಲ್ಲಿ ಇಬ್ಬರೇ ಇದ್ದರು. ಜವಾನ ಟೀ ಹಿಡಿದು ಬಂದು, "ಹೊಸ ಅನುಕಂಪಮ್ಮಂಗೂ ಒಂದು ಕೊಡ್ಲಾ?" ಎಂದ.

"ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆದಿದೆ," ಎಂದಳು ಅನುಕಂಪಮ್ಮ. "ಹೋಗಿ ಓದ್ಕೊಂಡು ಬಾ. ಆಮೇಲೆ ಟೀ ಕೊಡು."

ಅವನು ಲೋಟ ಹಿಡಿದುಕೊಂಡೇ ಹೋದ. ಅವಳು ಬೀರುವಿನಿಂದ ಮಾದರಿ ಕಡತ ತೆಗೆದು ಮೇಜಿನ ಮೇಲೆ ಇಟ್ಟಳು. ಅವತ್ತು ಸಾಹೇಬರಿಂದ ವಾಪಸು ಪಡೆದಿದ್ದ ತನ್ನ ಹಾಳೆಯನ್ನು ಚೀಲದಿಂದ ತೆಗೆದು, ಮೂರನೆಯ ಪುಟದ ಹಿಂದೆ ದಾರಕ್ಕೆ ಪೋಣಿಸಿ ಗಂಟು ಹಾಕಿದಳು.

"ಕಳಿಸಲ್ಲ ಅಂತ ಮಾತು ಕೊ‌ಟ್ಟಿದ್ರಲ್ಲ ಅಕ್ಕ?"

"ಟಪಾಲಿಗೆ ಹಾಕಲ್ಲ ಅಂದಿದ್ದೆ. ಹಾಕಿಲ್ಲ. ಇನ್ನೊಬ್ಬ ಹೊಸ ಗುಮಾಸ್ತ ಬರ್ತಾನಲ್ಲ, ಪಾಠ ಮಾಡಕ್ಕೆ ಅವರೇ ತೆಗೀಲಿ. ಮೂರು ಪುಟ ಓದಿದೋನು ನಾಲ್ಕನೇದು ಓದದೆ ಇರ್ತಾನಾ?"

ಫಿಟ್ಟರನ ಹೆಂಡತಿ ಕಡತವನ್ನು ತನ್ನ ಕಡೆ ಎಳೆದುಕೊಂಡು ಕೊನೆಯ ಸಾಲುಗಳನ್ನು ಓದಿದಳು. 'ಡಬ್ಬಿ ಖಾಲಿ ಇರಲಿಲ್ಲ, ನಾವು ಖಾಲಿ ಮಾಡಿದ್ದು. ಇಡೀ ವರದಿಯಲ್ಲಿ ನನ್ನ ಗಂಡ ಸತ್ತದ್ದು ಒಂದೇ ನಿಜ. ಅದನ್ನು ನೋಡಲು ಯಾರೂ ಬಂದಿರಲಿಲ್ಲ.'

ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹಾಳೆಯ ಮೇಲಿನ ಮೂಲೆಯಲ್ಲಿ ಪುಟದ ನಂಬರು ಬರೆದಳು: ನಾಲ್ಕು.